ಒಂದು ಗದ್ದೆ ಸಿಕ್ತು, ಒಂದು ಗದ್ದೆ ಹೋಯ್ತು



ನಮ್ಮ ಮನೆ ಹಿಂದಿನ ಗದ್ದೆ ನಮ್ಮದು. ಅದರ ಆಚೆ ಇರುವ ಗದ್ದೆ ನಮ್ಮದಲ್ಲ. ಎರಡನ್ನೂ ಉತ್ತಿದ್ದು ನಮ್ಮ ಮುತ್ತಜ್ಜನೇ! ಹಾಗಾದರೆ ಒಂದು ಯಾಕೆ ಸಿಕ್ತು, ಇನ್ನೊಂದು ಯಾಕೆ ಹೋಯ್ತು? ಅಜ್ಜನನ್ನೂ ಮೇಷ್ಟ್ರನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಗೇಣಿ ಎಂದರೇನು? ಬೇರೆಯವರ ಜಮೀನು ಉಳುವವನು ವರ್ಷಕ್ಕೆ ಇಷ್ಟು ಭತ್ತ ಅಂತ ಒಡೆಯರಿಗೆ ಅಳೆದು ಕೊಡಬೇಕು. ಅದೇ ಗೇಣಿ. ಕೊಡುವವನು ಗೇಣಿದಾರ. ಅಳೆಯುವ ಕೊಳಗ ದೊಡ್ಡದಾದರೆ ಗೇಣಿದಾರನಿಗೆ ನಷ್ಟ. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಜಗಳ ಹತ್ತಿದ್ದು ಈ ಕೊಳಗದ ವಿಷಯಕ್ಕೇ. ಎಚ್. ಗಣಪತಿಯಪ್ಪನವರು ರೈತರನ್ನು ಸೇರಿಸಿ ಸತ್ಯಾಗ್ರಹ ಮಾಡಿದರು. ರಾಮಮನೋಹರ ಲೋಹಿಯಾ ಅವರೂ ಬಂದು ಜೈಲಿಗೆ ಹೋದರು.

ಮುಂದೆ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಭೂ ಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಅದಕ್ಕೆ ಕೊನೇ ದಿನ 1979ರ ಜೂನ್ 30. ಅರ್ಜಿಯನ್ನು ವಿಚಾರಿಸುತ್ತಿದ್ದದ್ದು ಭೂ ನ್ಯಾಯಮಂಡಳಿ. ಮೊದಲು ಅಲ್ಲಿ ವಕೀಲರು ವಾದ ಮಾಡುವ ಹಾಗಿರಲಿಲ್ಲ. ಆ ನಿಯಮವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು. ಗೆದ್ದ ರೈತನಿಗೆ ಜಮೀನಿನ ಹಕ್ಕು, ಒಡೆಯರಿಗೆ ಪರಿಹಾರದ ಹಣ.

ಆದರೆ ಕೆಲವು ಒಡೆಯರು "ಇವನು ಗೇಣಿದಾರ ಅಲ್ಲ, ನಮ್ಮ ಕೂಲಿ ಆಳು" ಅಂತ ಹೇಳಿಬಿಡುತ್ತಿದ್ದರು. ಆಗ ಮಂಡಳಿಯವರು ಏನು ನೋಡಬೇಕು? ಪಹಣಿ, ಗೇಣಿ ಚೀಟಿ, ಅಕ್ಕಪಕ್ಕದವರ ಸಾಕ್ಷಿ. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು ಇರುತ್ತದೆ.

ಹಿಂದಿನ ಗದ್ದೆಯ ಪಹಣಿಯಲ್ಲಿ ಮುತ್ತಜ್ಜನ ಹೆಸರು ಇತ್ತು. ಅದು ಸಿಕ್ತು. ಆಚೆ ಗದ್ದೆಯ ಪಹಣಿಯಲ್ಲಿ ಎರಡೂ ಕಡೆ ಒಡೆಯರದೇ ಹೆಸರು. ಮುತ್ತಜ್ಜನಿಗೆ ಓದಲು ಬರುತ್ತಿರಲಿಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ. ಚೀಟಿ ಕೇಳಿದರೆ ಒಡೆಯರಿಗೆ ಬೇಜಾರಾದೀತು ಅಂತ ಒಂದು ವರ್ಷವೂ ಕೇಳಿರಲಿಲ್ಲ. ಸಾಕ್ಷಿ ಹೇಳಬೇಕಾದವರು ಹೆದರಿ ಬರಲಿಲ್ಲ. ಅರ್ಜಿ ವಜಾ ಆಯಿತು. ಮುತ್ತಜ್ಜ ಆಮೇಲೆ ಆ ಗದ್ದೆಯ ಅಂಚಿನಲ್ಲಿ ನಡೆಯಲೇ ಇಲ್ಲವಂತೆ, ಸುತ್ತು ಹಾಕಿ ಹೋಗುತ್ತಿದ್ದರಂತೆ.

ಎಲ್ಲ ಒಡೆಯರೂ ಶ್ರೀಮಂತರಲ್ಲ, ಒಂದೆರಡು ಎಕರೆ ಇದ್ದವರೂ ಜಮೀನು ಕಳೆದುಕೊಂಡರು ಅಂತ ಮೇಷ್ಟ್ರು ಹೇಳಿದರು. ಅದೂ ನಿಜ. ಯಾರದೇ ಆಗಲಿ, ಕಾಗದ ಸರಿ ಇರಬೇಕು.

ಮೊನ್ನೆ ನಮ್ಮ ಅಣ್ಣ ಕಾಲೇಜಿಗೆ ಅಂತ ಸಾಗರದಲ್ಲಿ ಬಾಡಿಗೆ ರೂಮು ಹಿಡಿದು, ಅಡ್ವಾನ್ಸ್ ಕೊಟ್ಟು ಬಂದ. ಅಜ್ಜ ಕೇಳಿದ ಮೊದಲ ಮಾತು: "ಚೀಟಿ ಬರೆಸಿಕೊಂಡ್ಯೇನೋ?"

ಅಣ್ಣ ಬರೆಸಿಕೊಂಡಿರಲಿಲ್ಲ. ಮಾರನೇ ದಿನ ಬೆಳಗಿನ ಬಸ್ಸಿಗೇ ಅಜ್ಜ ಅವನನ್ನು ವಾಪಸ್ ಕಳಿಸಿದರು.

— 7ನೇ ತರಗತಿಯ ವಿದ್ಯಾರ್ಥಿನಿ