ಉದ್ಯಾನಕ್ಕೆ ಬರುವ ಜನ ಎಷ್ಟು, ಆಗುವ ವ್ಯಾಪಾರ ಎಷ್ಟು?

ಜಾತ್ರೆಯಲ್ಲಿ ಅಂಗಡಿ ಹಾಕಿದ ಅನುಭವವುಳ್ಳ ಯಾವ ವರ್ತಕನಿಗೂ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ತೇರಿನ ದಿನ ನೆರೆದವರೆಲ್ಲರೂ ಗಿರಾಕಿಗಳಲ್ಲ. ಜನ ಕಡಿಮೆಯೆಂದು ತೋರಿದ ವರ್ಷವೇ ಗಲ್ಲಾಪೆಟ್ಟಿಗೆ ತುಂಬುವುದುಂಟು. ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ ವರ್ಷ ಸರಕು ಹಾಗೆಯೇ ಉಳಿಯುವುದೂ ಉಂಟು. ಈ ಹಳೆಯ ತಿಳಿವಳಿಕೆ ಇಂದು ಜಗತ್ತಿನ ದೊಡ್ಡ ಮನರಂಜನಾ ಉದ್ಯಾನಗಳ, ಅಂದರೆ ಥೀಮ್ ಪಾರ್ಕ್‌ಗಳ, ಲೆಕ್ಕಪತ್ರಗಳಲ್ಲಿಯೂ ಕಂಡುಬರುತ್ತಿದೆ.

ಇಂತಹ ಉದ್ಯಾನಗಳಿಗೆ ಬರುವ ಜನರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದು ಕೇವಲ ಪ್ರವಾಸಿಗರ ಕುತೂಹಲದ ಪ್ರಶ್ನೆಯಲ್ಲ. ಒಂದು ದೊಡ್ಡ ಉದ್ಯಾನದ ಸುತ್ತ ಆಹಾರ ಪದಾರ್ಥಗಳ ಸಗಟು ವ್ಯಾಪಾರಿ, ಕಾಗದದ ಲೋಟ ತಯಾರಕ, ಸಮವಸ್ತ್ರ ಹೊಲಿಯುವವರು, ಮುದ್ರಣಾಲಯ, ವೆಲ್ಡಿಂಗ್ ಶೆಡ್, ಬಸ್ಸು ಬಾಡಿಗೆಗೆ ಕೊಡುವವರು ಹೀಗೆ ಅನೇಕ ಸಣ್ಣ ಉದ್ದಿಮೆಗಳು ಬದುಕುತ್ತವೆ. ಅವರಲ್ಲಿ ಅನೇಕರ ಲೆಕ್ಕಾಚಾರ ನಿಂತಿರುವುದು ದ್ವಾರದೊಳಗೆ ಬರುವ ತಲೆಗಳ ಸಂಖ್ಯೆಯ ಮೇಲೆ. ಆದರೆ ಉದ್ಯಾನದ ಒಡೆಯರ ಲೆಕ್ಕಾಚಾರ ಇತ್ತೀಚಿನ ವರ್ಷಗಳಲ್ಲಿ ಆ ಸಂಖ್ಯೆಯನ್ನು ಬಿಟ್ಟು ಬೇರೆಡೆಗೆ ಸರಿದಿದೆ. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಸರಬರಾಜುದಾರರು ಅರಿಯುವುದು ಅವಶ್ಯಕ.

ಆರು ದಶಕಗಳ ಏರಿಕೆ

ಆಧುನಿಕ ಥೀಮ್ ಪಾರ್ಕಿನ ಆರಂಭವನ್ನು ಸಾಮಾನ್ಯವಾಗಿ 1955ರ ಜುಲೈ 17ರಿಂದ ಗುರುತಿಸಲಾಗುತ್ತದೆ. ಅಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಮೊದಲ ವರ್ಷದಲ್ಲಿ ಅಲ್ಲಿಗೆ ಬಂದವರು ಸುಮಾರು 36 ಲಕ್ಷ ಜನ. 1971ರ ಅಕ್ಟೋಬರಿನಲ್ಲಿ ಫ್ಲಾರಿಡಾದಲ್ಲಿ ಅದಕ್ಕಿಂತಲೂ ವಿಸ್ತಾರವಾದ ಎರಡನೆಯ ಉದ್ಯಾನ ಆರಂಭವಾಯಿತು. ಮೊದಲ ದಿನಗಳಲ್ಲಿ ಅಲ್ಲಿ ವಯಸ್ಕರ ಪ್ರವೇಶ ಶುಲ್ಕ ಕೇವಲ ಮೂರೂವರೆ ಡಾಲರ್. ಆಟಗಳಿಗೆ ಪ್ರತ್ಯೇಕ ಚೀಟಿ ಕೊಳ್ಳಬೇಕಾಗಿತ್ತು. ಅಲ್ಲಿಂದ ಮುಂದೆ, ನಡುವಿನ ಕೆಲವು ಹಿಂಜರಿತದ ವರ್ಷಗಳನ್ನು ಬಿಟ್ಟರೆ, ಸಂಖ್ಯೆ ಮೇಲಕ್ಕೇ ಸಾಗಿತು.

ಡಿಸ್ನಿ ಸಂಸ್ಥೆಯು ಒಂದೊಂದು ಉದ್ಯಾನದ ಪ್ರವೇಶ ಸಂಖ್ಯೆಯನ್ನು ಪ್ರಕಟಿಸುವುದಿಲ್ಲ. ಉದ್ಯಮದ ಸಂಘಟನೆಯೊಂದು ಪ್ರತಿವರ್ಷ ಹೊರತರುವ ಅಂದಾಜನ್ನೇ ಎಲ್ಲರೂ ಆಧರಿಸುತ್ತಾರೆ. ಆ ಅಂದಾಜಿನಂತೆ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನಕ್ಕೆ 2019ರಲ್ಲಿ ಸುಮಾರು 2 ಕೋಟಿ 9 ಲಕ್ಷ ಜನ ಬಂದಿದ್ದರು. ಕೋವಿಡ್ ಸೋಂಕಿನಿಂದ ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ 2020ರಲ್ಲಿ ಅದು 69 ಲಕ್ಷಕ್ಕೆ ಕುಸಿಯಿತು. 2022ರಲ್ಲಿ 1 ಕೋಟಿ 71 ಲಕ್ಷಕ್ಕೂ 2023ರಲ್ಲಿ 1 ಕೋಟಿ 77 ಲಕ್ಷಕ್ಕೂ ಚೇತರಿಸಿತು. ಚೇತರಿಕೆ ನಿಜ, ಆದರೆ ಹಳೆಯ ಎತ್ತರವನ್ನು ಅದು ಮುಟ್ಟಲಿಲ್ಲ.

ಎಲ್ಲೆಡೆಯೂ ಹೀಗೆಯೇ ಎನ್ನುವಂತಿಲ್ಲ. 2016ರಲ್ಲಿ ತೆರೆದ ಶಾಂಘೈನ ಡಿಸ್ನಿ ಉದ್ಯಾನಕ್ಕೆ 2019ರಲ್ಲಿ ಸುಮಾರು 1 ಕೋಟಿ 12 ಲಕ್ಷ ಜನ ಬಂದಿದ್ದರೆ, 2023ರಲ್ಲಿ ಆ ಅಂದಾಜು 1 ಕೋಟಿ 40 ಲಕ್ಷದ ಸಮೀಪಕ್ಕೆ ಏರಿತು. ಹೊಸ ಉದ್ಯಾನ, ಬೆಳೆಯುತ್ತಿರುವ ಮಧ್ಯಮ ವರ್ಗ ಇವೆರಡೂ ಕೂಡಿದಲ್ಲಿ ಜನ ಹೆಚ್ಚುತ್ತಿದ್ದಾರೆ. ಬಹುಕಾಲದಿಂದ ನೆಲೆಯೂರಿದ ದೊಡ್ಡ ಉದ್ಯಾನಗಳಲ್ಲಿ ಮಾತ್ರ ಸಂಖ್ಯೆ ನಿಂತಲ್ಲಿಯೇ ನಿಂತಿದೆ ಅಥವಾ ಇಳಿದಿದೆ. ಹಾಗೆಂದು ಅವು ನಷ್ಟದಲ್ಲಿವೆಯೇ? ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆಯುವುದು ಜಪಾನಿನಲ್ಲಿ.

ಟೋಕಿಯೋ ಹೇಳುವ ಪಾಠ

ಟೋಕಿಯೋ ಡಿಸ್ನಿ ಉದ್ಯಾನಗಳ ಒಡೆತನ ಅಮೆರಿಕದ ಡಿಸ್ನಿ ಸಂಸ್ಥೆಯದಲ್ಲ; ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿಯದು. ಹೆಸರು ಮತ್ತು ಪಾತ್ರಗಳನ್ನು ಬಳಸಿಕೊಳ್ಳುವುದಕ್ಕಾಗಿ ಅದು ಡಿಸ್ನಿಗೆ ರಾಜಧನ ನೀಡುತ್ತದೆ. ಷೇರು ಪೇಟೆಯಲ್ಲಿ ನೋಂದಾಯಿತವಾದ ಈ ಕಂಪನಿ ತನ್ನ ಪ್ರವೇಶ ಸಂಖ್ಯೆಯನ್ನೂ ತಲಾ ವೆಚ್ಚವನ್ನೂ ತಾನೇ ಪ್ರಕಟಿಸುವುದರಿಂದ ಇಲ್ಲಿ ಅಂದಾಜಿನ ಅಗತ್ಯವಿಲ್ಲ.

1983ರ ಏಪ್ರಿಲ್ 15ರಂದು ಆರಂಭವಾದ ಟೋಕಿಯೋ ಡಿಸ್ನಿಲ್ಯಾಂಡಿಗೆ ಮೊದಲ ಹಣಕಾಸು ವರ್ಷದಲ್ಲಿ ಸುಮಾರು 99 ಲಕ್ಷ ಜನ ಬಂದರು. 2001ರಲ್ಲಿ ಪಕ್ಕದಲ್ಲಿಯೇ ಡಿಸ್ನಿಸೀ ಎಂಬ ಎರಡನೆಯ ಉದ್ಯಾನ ತೆರೆಯಿತು. ಎರಡೂ ಸೇರಿ 2018–19ರ ಹಣಕಾಸು ವರ್ಷದಲ್ಲಿ 3 ಕೋಟಿ 25 ಲಕ್ಷ 58 ಸಾವಿರ ಜನ ಭೇಟಿ ನೀಡಿದರು. ಅದೇ ದಾಖಲೆ. 2024–25ರಲ್ಲಿ ಆ ಸಂಖ್ಯೆ 2 ಕೋಟಿ 75 ಲಕ್ಷದ ಆಸುಪಾಸಿನಲ್ಲಿತ್ತು. ಅಂದರೆ ಆರು ವರ್ಷಗಳಲ್ಲಿ ಸುಮಾರು 50 ಲಕ್ಷ ಜನ, ಶೇಕಡಾ 15ರಷ್ಟು, ಕಡಿಮೆಯಾದರು.

ಈಗ ಇನ್ನೊಂದು ಅಂಕಣವನ್ನು ನೋಡಬೇಕು. 2018–19ರಲ್ಲಿ ಒಬ್ಬ ಸಂದರ್ಶಕ ಟಿಕೆಟ್, ಊಟೋಪಚಾರ ಹಾಗೂ ಸರಕುಗಳಿಗಾಗಿ ಸರಾಸರಿ 11,815 ಯೆನ್ ವೆಚ್ಚ ಮಾಡಿದ್ದ. 2024–25ರಲ್ಲಿ ಈ ತಲಾ ವೆಚ್ಚ 17,833 ಯೆನ್‌ಗೆ ಏರಿತು. ಹೆಚ್ಚಳ ಅರ್ಧಪಾಲಿಗೂ ತುಸು ಮಿಗಿಲು. ಜನರ ಸಂಖ್ಯೆಯನ್ನು ತಲಾ ವೆಚ್ಚದಿಂದ ಗುಣಿಸಿದರೆ ಮೊದಲ ವರ್ಷದ ಮೊತ್ತ ಸುಮಾರು 38,500 ಕೋಟಿ ಯೆನ್, ಎರಡನೆಯದು ಸುಮಾರು 49,100 ಕೋಟಿ ಯೆನ್. ಜನ ಶೇಕಡಾ 15ರಷ್ಟು ಇಳಿದರೂ ಹುಟ್ಟುವಳಿ ಶೇಕಡಾ 28ರಷ್ಟು ಏರಿತು.

ಉದ್ದೇಶಪೂರ್ವಕವಾದ ಇಳಿಕೆ

ಈ ಇಳಿಕೆಯಲ್ಲಿ ಕಂಪನಿಯ ಇಚ್ಛೆಯ ಪಾಲು ದೊಡ್ಡದು. ದಾಖಲೆಯ ವರ್ಷದ ಜನರನ್ನು 365 ದಿನಗಳಿಗೆ ಹಂಚಿದರೆ ಎರಡೂ ಉದ್ಯಾನಗಳಿಗೆ ದಿನವೊಂದಕ್ಕೆ ಸರಾಸರಿ 89,000 ಮಂದಿ ಬೀಳುತ್ತಾರೆ. ರಜೆಯ ದಿನಗಳಲ್ಲಿ ಇದಕ್ಕಿಂತಲೂ ಬಹಳ ಹೆಚ್ಚು. ಆಟಗಳ ಸಂಖ್ಯೆ, ಊಟದ ಮೇಜುಗಳು, ಶೌಚಾಲಯಗಳು ಇಷ್ಟೇ ಎಂದು ನಿಗದಿಯಾಗಿರುವಾಗ ಜನ ಹೆಚ್ಚಿದಷ್ಟೂ ಸಾಲು ಉದ್ದವಾಗುತ್ತದೆ. ಸಾಲಿನಲ್ಲಿ ನಿಂತ ಗಿರಾಕಿ ಆ ಹೊತ್ತಿನಲ್ಲಿ ಊಟಕ್ಕೂ ಹೋಗುವುದಿಲ್ಲ, ಅಂಗಡಿಗೂ ಹೋಗುವುದಿಲ್ಲ. ಬೇಸರದಿಂದ ಮನೆಗೆ ಮರಳಿದವನು ಮುಂದಿನ ವರ್ಷ ಬರುವುದೂ ಸಂದೇಹ.

ಕೋವಿಡ್ ಕಾಲದಲ್ಲಿ ಸರ್ಕಾರದ ಮಿತಿಯಂತೆ ಕಡಿಮೆ ಜನರನ್ನು ಒಳಬಿಡಬೇಕಾಗಿ ಬಂದಾಗ ಕಂಪನಿಗೆ ಹೊಸ ದಾರಿ ಕಂಡಿತು. ದಿನದ ಪ್ರವೇಶ ಮಿತಿಯನ್ನು ಹಿಂದಿಗಿಂತ ಕೆಳಮಟ್ಟದಲ್ಲಿಯೇ ಉಳಿಸಿಕೊಳ್ಳಲು ಅದು ನಿರ್ಧರಿಸಿತು. 2021ರ ಮಾರ್ಚಿನಿಂದ ದಿನಕ್ಕೆ ತಕ್ಕಂತೆ ಬೆಲೆ ಬದಲಾಗುವ ಪದ್ಧತಿ ಬಂದಿತು. 2023ರ ಅಕ್ಟೋಬರಿನಲ್ಲಿ ವಯಸ್ಕರ ಒಂದು ದಿನದ ಟಿಕೆಟ್ ಬಿಡುವಿನ ದಿನಗಳಲ್ಲಿ 7,900 ಯೆನ್, ಬೇಡಿಕೆಯ ದಿನಗಳಲ್ಲಿ 10,900 ಯೆನ್ ಆಯಿತು. 2022ರಲ್ಲಿ ಹಣ ತೆತ್ತು ಸಾಲು ತಪ್ಪಿಸಿಕೊಳ್ಳುವ ಸೌಲಭ್ಯವೂ ಆರಂಭವಾಯಿತು. ಅದಕ್ಕೆ ಹಿಂದೆ ಅಂತಹ ಚೀಟಿಯನ್ನು ಉಚಿತವಾಗಿ ಕೊಡಲಾಗುತ್ತಿತ್ತು. ಅಮೆರಿಕದ ಡಿಸ್ನಿ ಉದ್ಯಾನಗಳೂ 2016ರಿಂದ ಋತುವಿಗೆ ತಕ್ಕ ಬೆಲೆಯ ಮಾರ್ಗವನ್ನೇ ಹಿಡಿದಿವೆ.

ಈ ಮಾರ್ಗಕ್ಕೆ ತನ್ನದೇ ಆದ ಅಪಾಯವುಂಟು. ಟೋಕಿಯೋ ಉದ್ಯಾನಗಳಿಗೆ ಬರುವವರಲ್ಲಿ 40 ವರ್ಷ ದಾಟಿದವರ ಪಾಲು ಏರಿ, ಯುವಜನರ ಪಾಲು ಇಳಿದಿದೆ. ಇಂದಿನ ಯುವಕ ಹೊರಗುಳಿದರೆ ನಾಳೆ ಮಕ್ಕಳ ಕೈಹಿಡಿದು ಬರುವ ತಂದೆ ಎಲ್ಲಿಂದ ದೊರೆತಾನು ಎಂಬ ಪ್ರಶ್ನೆ ಉಳಿದೇ ಇದೆ.

ಬಿಡದಿಯ ಅನುಭವ

ಇದೇ ಪ್ರಶ್ನೆ ಕರ್ನಾಟಕಕ್ಕೆ ಹೊರತಲ್ಲ. 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಬಳಿ 82 ಎಕರೆ ವಿಸ್ತೀರ್ಣದಲ್ಲಿ ಆರಂಭವಾದ ವಂಡರ್‌ಲಾ ಇದಕ್ಕೆ ನಿದರ್ಶನ. ಅದರ ಸ್ಥಾಪಕ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರ ಹಿನ್ನೆಲೆ ಸಣ್ಣ ಕೈಗಾರಿಕೋದ್ಯಮಿಗಳಿಗೆ ಆಪ್ತವೆನಿಸುವಂಥದು. 1977ರಲ್ಲಿ ತಂದೆಯಿಂದ ಪಡೆದ ಒಂದು ಲಕ್ಷ ರೂಪಾಯಿ ಬಂಡವಾಳದಿಂದ ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಕೆ ಆರಂಭಿಸಿದ ಅವರು, 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಉದ್ಯಾನ ತೆರೆದರು. ಕೆಲವು ಆಟದ ಯಂತ್ರಗಳನ್ನು ಸಂಸ್ಥೆ ತಾನೇ ವಿನ್ಯಾಸಗೊಳಿಸಿ ತಯಾರಿಸಿಕೊಳ್ಳುವುದು ಆ ತಯಾರಕ ಹಿನ್ನೆಲೆಯ ಮುಂದುವರಿಕೆಯೇ ಆಗಿದೆ. 2014ರಲ್ಲಿ ಕಂಪನಿಯು ಷೇರು ಪೇಟೆ ಪ್ರವೇಶಿಸಿತು. ಹೈದರಾಬಾದ್ (2016), ಭುವನೇಶ್ವರ (2024) ಮತ್ತು ಚೆನ್ನೈ (2025) ಉದ್ಯಾನಗಳು ಅನಂತರ ಬಂದವು.

ತೆರಿಗೆಯ ಭಾರವೂ ಇಲ್ಲಿ ಜನರ ಸಂಖ್ಯೆಯನ್ನು ಅಲುಗಿಸಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಪ್ರವೇಶ ಟಿಕೆಟ್‌ಗೆ ಶೇಕಡಾ 28ರ ದರ ವಿಧಿಸಲಾಗಿತ್ತು. ಉದ್ಯಮದ ಒತ್ತಾಯದ ನಂತರ 2018ರ ಜನವರಿ 25ರಿಂದ ಅದನ್ನು ಶೇಕಡಾ 18ಕ್ಕೆ ಇಳಿಸಲಾಯಿತು.

ಕೋವಿಡ್ ನಂತರದ ಲೆಕ್ಕ ಹೆಚ್ಚು ಬೋಧಪ್ರದ. 2022–23ರಲ್ಲಿ ವಂಡರ್‌ಲಾದ ಮೂರೂ ಉದ್ಯಾನಗಳಿಗೆ ಸುಮಾರು 33 ಲಕ್ಷ ಜನ ಬಂದರು. ಆದಾಯ ಸುಮಾರು 429 ಕೋಟಿ ರೂಪಾಯಿ. ಮರುವರ್ಷ ಜನ ತುಸು ಕಡಿಮೆಯಾದರೂ ಆದಾಯ ಸುಮಾರು 483 ಕೋಟಿಗೆ ಏರಿತು. ಇಲ್ಲಿಯವರೆಗೆ ಇದು ಟೋಕಿಯೋದ ಕಥೆಯೇ. ಆದರೆ 2024–25ರಲ್ಲಿ, ಭುವನೇಶ್ವರದ ಉದ್ಯಾನ ಸೇರಿದ ಮೇಲೂ, ಜನರ ಸಂಖ್ಯೆ ಇನ್ನಷ್ಟು ಇಳಿಯಿತು. ಈ ಬಾರಿ ಆದಾಯವೂ ಸುಮಾರು 459 ಕೋಟಿಗೆ ಜಾರಿತು. ಬೆಲೆಯೇರಿಕೆಯಿಂದ ಜನರ ಕೊರತೆಯನ್ನು ತುಂಬಿಕೊಳ್ಳಲು ಒಂದು ಮಿತಿಯುಂಟು ಎಂಬುದನ್ನು ಈ ಮೂರು ವರ್ಷಗಳ ಅಂಕಿಗಳು ತೋರಿಸುತ್ತವೆ.

ಸರಬರಾಜುದಾರರು ಗಮನಿಸಬೇಕಾದುದು

ಈ ಎಲ್ಲ ಅಂಕಿಗಳ ಸಾರಾಂಶವನ್ನು ಒಂದು ಉದಾಹರಣೆಯಿಂದ ಗ್ರಹಿಸಬಹುದು. ಉದ್ಯಾನವೊಂದಕ್ಕೆ ಕಾಗದದ ಲೋಟ ಒದಗಿಸುವ ಘಟಕವಿದೆ ಎಂದಿಟ್ಟುಕೊಳ್ಳೋಣ. ಜನ ಶೇಕಡಾ 15ರಷ್ಟು ಇಳಿದರೆ ಲೋಟದ ಬೇಡಿಕೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಟಿಕೆಟ್ ಬೆಲೆ ಏರಿಸಿ ಉದ್ಯಾನವು ಲಾಭ ಉಳಿಸಿಕೊಳ್ಳುತ್ತದೆ. ಲೋಟದ ಬೆಲೆ ಏರಿಸುವ ಅಧಿಕಾರ ಘಟಕಕ್ಕಿಲ್ಲ. ಒಡೆಯನ ಹಬ್ಬದ ವರ್ಷವೇ ಸರಬರಾಜುದಾರನ ಬರಗಾಲದ ವರ್ಷವಾಗುವುದು ಹೀಗೆ. ಪತ್ರಿಕೆಗಳಲ್ಲಿ ಉದ್ಯಾನದ ದಾಖಲೆ ಆದಾಯದ ಸುದ್ದಿ ಓದಿ ಹೊಸ ಯಂತ್ರಕ್ಕೆ ಸಾಲ ಮಾಡುವವರು ಮೊದಲು ಜನರ ಸಂಖ್ಯೆಯ ಅಂಕಣವನ್ನು ಪ್ರತ್ಯೇಕವಾಗಿ ನೋಡತಕ್ಕದ್ದು.

ತಲೆಯೆಣಿಕೆಯ ಸರಕನ್ನೇ ನಂಬಿದವರು ಸಾಧ್ಯವಾದಷ್ಟು ಮಟ್ಟಿಗೆ ತಲಾ ವೆಚ್ಚ ಏರುವ ಸರಕಿನತ್ತ, ಅಂದರೆ ನೆನಪಿನ ಕಾಣಿಕೆ, ಮುದ್ರಿತ ಉಡುಪು, ಉತ್ತಮ ದರ್ಜೆಯ ತಿನಿಸುಗಳತ್ತ, ಕಾಲಿಡುವುದು ಲೇಸು. ವಾರ್ಷಿಕ ಒಪ್ಪಂದ ಮಾಡಿಕೊಳ್ಳುವಾಗ ಕನಿಷ್ಠ ಖರೀದಿಯ ಪ್ರಮಾಣವನ್ನು ಬರಹದಲ್ಲಿ ನಮೂದಿಸಿಕೊಳ್ಳಬೇಕು. ಪಾವತಿಯ ವಿಷಯದಲ್ಲಿ 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮವು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ರಕ್ಷಣೆ ನೀಡಿದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ.

ವರ್ಷದ ಒಟ್ಟು ಸಂಖ್ಯೆಗಿಂತ ಅದರ ಹಂಚಿಕೆ ಮುಖ್ಯ. ಏಪ್ರಿಲ್–ಮೇ ತಿಂಗಳ ಶಾಲಾ ರಜೆ, ದಸರಾ ಮತ್ತು ವರ್ಷಾಂತ್ಯದಲ್ಲಿ ಜನ ಸೇರುತ್ತಾರೆ. ಜುಲೈನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲ ಮಂದ. ದಿನಕ್ಕೊಂದು ದರದ ಪದ್ಧತಿಯ ಉದ್ದೇಶವೇ ಜನರನ್ನು ತುಂಬಿದ ದಿನದಿಂದ ಬಿಡುವಿನ ದಿನಕ್ಕೆ ಸರಿಸುವುದಾದ್ದರಿಂದ, ಹಳೆಯ ವರ್ಷಗಳ ಅಂದಾಜಿನಿಂದ ದಾಸ್ತಾನು ಮಾಡಿದವರು ನಷ್ಟಕ್ಕೆ ಗುರಿಯಾಗಬಹುದು. ಯಂತ್ರಗಳ ದುರಸ್ತಿ, ಬಣ್ಣ, ವೆಲ್ಡಿಂಗ್ ಕೆಲಸ ಮಾಡುವವರಿಗಾದರೋ ಜನರಿಲ್ಲದ ತಿಂಗಳುಗಳೇ ಸುಗ್ಗಿ.

ದ್ವಾರದ ಹೊರಗೆ ಅಂಗಡಿ ಇಟ್ಟವರಿಗೆ ಮತ್ತೊಂದು ಎಚ್ಚರಿಕೆ ಬಿಡದಿಯ ಆಸುಪಾಸಿನಲ್ಲಿಯೇ ಇದೆ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ನಂತರ ವಾಹನಗಳು ಬಿಡದಿ, ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಹೊಕ್ಕದೆ ಬೈಪಾಸಿನಲ್ಲಿ ಸಾಗತೊಡಗಿದವು. ಪಯಣಿಗರು ಕಡಿಮೆಯಾಗಲಿಲ್ಲ; ಹಳೆಯ ರಸ್ತೆಯ ಹೋಟೆಲುಗಳ ಮುಂದೆ, ಬೊಂಬೆ ಅಂಗಡಿಗಳ ಮುಂದೆ ನಿಲ್ಲುವವರು ಕಡಿಮೆಯಾದರು.

ಆದುದರಿಂದ ಉದ್ಯಾನಗಳ ಜನಸಂದಣಿ ಹೆಚ್ಚುತ್ತಿದೆಯೇ, ಇಳಿಯುತ್ತಿದೆಯೇ ಎಂದು ಕೇಳುವ ವರ್ತಕನು ತನ್ನ ಸರಕು ಯಾವ ಲೆಕ್ಕಕ್ಕೆ ಸೇರಿದ್ದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು: ತಲೆಯ ಲೆಕ್ಕಕ್ಕೋ, ಜೇಬಿನ ಲೆಕ್ಕಕ್ಕೋ, ದಿನದ ಲೆಕ್ಕಕ್ಕೋ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಇಂದಿಗೂ ಸತ್ಯ. ಆದರೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂಬುದನ್ನು ನೋಡಿಯೇ ಮೊರವನ್ನು ಎತ್ತಬೇಕು.