ಒಂದು ರೋಗ, ಮೂರು ಹೆಸರು

ಗದ್ವಾಲ ಸೀಮೆಯ ಮಲ್ದಕಲ್ಲಿನಂತಹ ಊರಿನಲ್ಲಿ ಕನ್ನಡದವರು ಕಾಲುಬಾಯಿ ಬೇನೆ ಎನ್ನುವುದನ್ನು ತೆಲುಗಿನವರು ಗಾಲಿಕುಂಟು ಎನ್ನುತ್ತಾರೆ. ಮರಾಠಿಯಲ್ಲಿ ನಾನು ಕಲಿತ ಹೆಸರು ಲಾಳ್ಯಾ ಖುರಕೂತ. ಕನ್ನಡವು ಹುಣ್ಣೇಳುವ ಅಂಗಗಳನ್ನು ಹೆಸರಿಸಿತು. ಮರಾಠಿಯು ಸುರಿಯುವ ಜೊಲ್ಲನ್ನೂ ಗೊರಸನ್ನೂ ಕಂಡಿತು. ತೆಲುಗಿನಲ್ಲಿ ಕುಂಟುವಿಕೆಯೊಡನೆ ಗಾಳಿಯೂ ಸೇರಿದೆ. ಅದು ಬೀಸುವ ಗಾಳಿಯೋ, ಜನಪದರು ‘ಗಾಳಿ ಸೋಕಿತು’ ಎನ್ನುವಾಗಿನ ಗಾಳಿಯೋ, ವಿದ್ಯಾರ್ಥಿಗಳು ವಿಚಾರಿಸಬೇಕು.

1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್, ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕದ ಮೂಲಕವೂ ಈ ರೋಗಕಾರಕವು ನುಸುಳುವುದೆಂದು ತೋರಿಸಿದರು. ಪ್ರಾಣಿಗಳಲ್ಲಿ ಮೊದಲು ಗುರುತಿಸಲ್ಪಟ್ಟ ವೈರಾಣು ಇದೇ. ದನ, ಎಮ್ಮೆ, ಕುರಿ, ಆಡು, ಹಂದಿ ಮೊದಲಾದ ಸೀಳುಗೊರಸಿನವುಗಳಿಗೆ ಅಂಟುತ್ತದೆ, ಕುದುರೆಗಿಲ್ಲ. ರೋಗದ ಹಂದಿಯು ಉಸಿರಿನಲ್ಲಿ ದನಕ್ಕಿಂತ ಎಷ್ಟೋ ಪಾಲು ಹೆಚ್ಚು ವೈರಾಣುವನ್ನು ಹೊರಬಿಡುತ್ತದೆ.

ಮೂರು ಹೆಸರುಗಳೂ ಹೇಳದ ಸಂಗತಿಯೊಂದಿದೆ. ಎಳೆಗರುವಿನಲ್ಲಿ ಹುಣ್ಣು ಕಾಣುವ ಮುನ್ನವೇ ವೈರಾಣುವು ಹೃದಯವನ್ನು ಕೆಡಿಸಿ ಕೊಲ್ಲಬಲ್ಲದು. 2013ರಲ್ಲಿ ಕರ್ನಾಟಕದಲ್ಲಿ ಸಾವಿರಾರು ರಾಸುಗಳು ಈ ರೋಗದಿಂದ ಸತ್ತವು. ಗುಣವಾದ ಹಸುವಿನ ಗಂಟಲಿನಲ್ಲಿಯೂ ವೈರಾಣುವು ತಿಂಗಳುಗಟ್ಟಲೆ ಉಳಿಯುವುದುಂಟು. ಲಸಿಕೆಯ ಬಲ ಬಹುಕಾಲ ನಿಲ್ಲದ ಕಾರಣ ಆರು ತಿಂಗಳಿಗೊಮ್ಮೆ ಹಾಕಿಸಬೇಕಾಗುತ್ತದೆ.