ಸೈಕೆಡೆಲಿಕ್‌ಗಳ ಅಡ್ಡಪರಿಣಾಮ: ವೈದ್ಯರ ಗಮನಕ್ಕೆ ಬರುವುದೆಷ್ಟು?

‘ಮ್ಯಾಜಿಕ್ ಮಶ್ರೂಮ್ ಖಿನ್ನತೆಗೆ ಒಳ್ಳೆಯದಂತೆ, ಅಪಾಯವೂ ಕಡಿಮೆಯಂತೆ, ನಿಜವೇ?’ ಎಂದು ಕೆಲವರು ಕೇಳುತ್ತಾರೆ. ಯಾರನ್ನು, ಎಲ್ಲಿ ಎಣಿಸಿದರು ಎಂಬುದನ್ನು ಮೊದಲು ನೋಡಬೇಕು.

ಈ ಅಣಬೆಯಲ್ಲಿರುವ ರಾಸಾಯನಿಕ ಸೈಲೋಸಿಬಿನ್. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಾತ್ರೆಗಳಿಗೆ ಬಗ್ಗದ ಖಿನ್ನತೆಯಿದ್ದ 233 ಮಂದಿಗೆ ಅದರ ಒಂದೊಂದು ಡೋಸ್ ಕೊಟ್ಟರು. ಶೇ 77ರಷ್ಟು ಮಂದಿಗೆ ತಲೆನೋವು, ವಾಕರಿಕೆ, ತಲೆಸುತ್ತಿನಂಥ ಏನಾದರೊಂದು ತೊಂದರೆಯಾಯಿತು. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಕಂಡಿತು. ನೆನಪಿರಲಿ, ಇವರು ತಪಾಸಣೆ ಮಾಡಿ ಆರಿಸಿದವರು, ಪಕ್ಕದಲ್ಲೇ ಚಿಕಿತ್ಸಕರಿದ್ದರು.

ಹೊರಗಿನ ಲೆಕ್ಕ ಬೇರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಆನ್‌ಲೈನ್ ಸಮೀಕ್ಷೆಗೆ, ಅಣಬೆ ತಿಂದು ಕಷ್ಟಪಟ್ಟ 1,993 ಮಂದಿ ಉತ್ತರಿಸಿದ್ದರು. ತಮ್ಮನ್ನೋ ಬೇರೆಯವರನ್ನೋ ಅಪಾಯಕ್ಕೆ ಒಡ್ಡಿದವರು ಶೇ 11. ವೈದ್ಯಕೀಯ ನೆರವು ಪಡೆದವರು ಶೇ 2.7 ಮಾತ್ರ. ಆಸ್ಪತ್ರೆಯ ದಾಖಲೆ ಸೇರದ ತೊಂದರೆಯೇ ಹೆಚ್ಚು ಎಂದಾಯಿತು.

ನಮ್ಮಲ್ಲಿ ಸೈಲೋಸಿಬಿನ್, ಎಲ್‌ಎಸ್‌ಡಿ ಎರಡೂ ಕಾನೂನುಬಾಹಿರ. ಆ ಭಯಕ್ಕೆ ‘ಊಟ ಹಿಡಿಸಲಿಲ್ಲ’ ಎಂದು ಮುಚ್ಚಿಡಬೇಡಿ. ತೆಗೆದುಕೊಂಡದ್ದೇನು, ಯಾವಾಗ, ದಿನನಿತ್ಯದ ಮಾತ್ರೆಗಳು ಯಾವುವು ಎಂದು ವೈದ್ಯರಿಗೆ ಹೇಳಿ. ಫಾರ್ಮಸಿಸ್ಟ್ ಆಗಿ ನನಗೆ ಹೆಚ್ಚು ಭಯ ಲಿಥಿಯಂನದು: ಅದರ ಜೊತೆ ಇವು ಸೇರಿದಾಗ ಫಿಟ್ಸ್ ಬಂದ ವರದಿಗಳಿವೆ. ಹಾಗೆಂದು ಲಿಥಿಯಂ ಅನ್ನು ನೀವೇ ನಿಲ್ಲಿಸುವಂತಿಲ್ಲ.

ಫಿಟ್ಸ್, ಜೋರು ಜ್ವರ, ಎದೆನೋವು, ಸಾಯುವ ಮಾತು ಕಂಡರೆ ತಕ್ಷಣ 112. ದಿನಗಳಾದರೂ ಭಯ, ಭ್ರಮೆ ಇಳಿಯದಿದ್ದರೆ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು.